ನರ್ಸಮ್ಮ ದೋಸೆ ತಿನ್ನಬಾರದೆ?

ಹೆರಿಗೆ ಮಾಡಿಸುವವಳು ಬೀದಿಗೆ ಇಳಿದಳು ಅಂದರೆ ಯಾರದೋ ಮನೆಯಲ್ಲಿ ತೊಟ್ಟಿಲು ಕಟ್ಟಲೇಬೇಕು ಅಂತ ನಮ್ಮ ಜನ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅವಳಿಗೆ ಹಸಿವಿಲ್ಲ, ಚಪಲವಿಲ್ಲ, ಹಾಡು ಕೇಳೋ ಕಿವಿಯಂತೂ ಇಲ್ಲವೇ ಇಲ್ಲ. ಕೆಲಸದಲ್ಲಿ ಇದ್ದಷ್ಟು ವರ್ಷವೂ ಇದನ್ನು ಅನುಭವಿಸಿದೆ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಾನು ಹುಟ್ಟಿದ್ದು ಯಳಂದೂರಿನಲ್ಲಿ, ಮೈಸೂರು ಸೀಮೆ. ಕೊಟ್ಟದ್ದು ಕೊಳ್ಳೇಗಾಲದ ನೇಕಾರರ ಮನೆಗೆ. ಕೊಳ್ಳೇಗಾಲ ಆಗ ಇನ್ನೂ ಮದರಾಸಿಗೆ ಸೇರಿತ್ತು. ನಮ್ಮವರು ಮನೆಯಲ್ಲೇ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ನಾನು ಕೊಯಮತ್ತೂರಿನಲ್ಲಿ ಹೆರಿಗೆ ಕೆಲಸ ಕಲಿತು ಬಂದು ಊರಿನ ಸರ್ಕಾರಿ ನರ್ಸಮ್ಮ ಆದೆ. ಬಿಳಿ ಸೀರೆ, ಕೈಯಲ್ಲೊಂದು ಕರಿ ಚರ್ಮದ ಚೀಲ. ಊರಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಆ ಚೀಲ ಎಲ್ಲರಿಗೂ ಗೊತ್ತಿತ್ತು.

ಒಂದು ವರ್ಷ, ಹೊಂಗೆ ಚಿಗುರೋ ಹೊತ್ತಿನಲ್ಲಿ, ನನಗೂ ಆಸೆ ಚಿಗುರಿತು. ಹೋಟೆಲಿನಲ್ಲಿ ಕೂತು ಒಂದು ಬಿಸಿ ದೋಸೆ ತಿನ್ನಬೇಕು. ಅಂಗಡಿಗೆ ಹೋಗಿ ನಾನೇ ಆರಿಸಿ ಒಂದು ರೇಷ್ಮೆ ಸೀರೆ ತರಬೇಕು. ರಾಮನವಮಿ ಚಪ್ಪರದಲ್ಲಿ ಒಂದು ಸಂಗೀತ ಕಚೇರಿಯನ್ನಾದರೂ ಮೊದಲಿಂದ ಕೊನೆವರೆಗೆ ಕೇಳಬೇಕು. ನಮ್ಮವರ ಹತ್ತಿರ ಹೇಳಿದೆ. ಅವರು ಲಾಳಿ ನಿಲ್ಲಿಸದೆ, "ಇಷ್ಟು ದೊಡ್ಡದಾಗಿ ಆಸೆ ಪಡಬೇಡ" ಅಂದರು. ಅವರಿಗೆ ಊರು ಗೊತ್ತಿತ್ತು.

ಪರದೆಯ ಹಿಂದೆ

ಒಂದು ಬೆಳಿಗ್ಗೆ ಹೆರಿಗೆ ಮುಗಿಸಿ ಬರುತ್ತಿದ್ದೆ. ಹಿಂದಿನ ದಿನ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಸ್ಸು ನಿಲ್ಲೋ ಕಡೆ ಒಂದು ಹೋಟೆಲು. ಕಾವಲಿ ಮೇಲೆ ಹಿಟ್ಟು ಬಿದ್ದ ಸದ್ದು, ಅದರ ಹಿಂದೆಯೇ ಬೆಣ್ಣೆ ವಾಸನೆ. ಕಾಲು ತಾನಾಗಿಯೇ ಒಳಗೆ ಹೋಯಿತು.

ಹೋಟೆಲಿನ ಯಜಮಾನರು ಅರವತ್ತು ದಾಟಿದವರು, ಹಣೆ ತುಂಬ ವಿಭೂತಿ, ಮೊಮ್ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು. ಆ ಕಾಲಕ್ಕೆ ಹೆಂಗಸರು ಹೋಟೆಲಿಗೆ ಬರುವುದು ಅಪರೂಪ. ಬಂದರೆ ಕೂರಲಿ ಅಂತ ಅಡುಗೆಮನೆ ಪಕ್ಕದಲ್ಲಿ ಒಂದು ಪರದೆ ಕಟ್ಟಿದ್ದರು. ಪರದೆ ಆಚೆಯೇ ಅವರ ಮನೆ. ನಾನು ಚೀಲ ಹಿಡಿದು ನೆಟ್ಟಗೆ ಆ ಪರದೆ ಹಿಂದೆ ಹೋಗಿ ಕೂತೆ, ಒಂದು ದೋಸೆ ಹೇಳಿದೆ.

ದೋಸೆ ಬರುವ ಮೊದಲೇ ಹೊರಗೆ ಸುದ್ದಿ ಹಬ್ಬಿತು. ಯಾರೋ ಗಿರಾಕಿ ಯಜಮಾನರನ್ನು ಸಮಾಚಾರ ಕೇಳಿದರು. ಅವರು ಏನೂ ಇಲ್ಲ ಅಂದರು. ಏನೂ ಇಲ್ಲದೆ ನರ್ಸಮ್ಮ ಒಳಗೆ ಹೋಗುತ್ತಾರಾ ಅಂತ ಇನ್ನೊಬ್ಬರು ಕೇಳಿದರು. ಯಜಮಾನರ ಸೊಸೆಯರು ಇಬ್ಬರೂ ಹಬ್ಬಕ್ಕೆ ಅಂತ ತವರಿಗೆ ಹೋಗಿದ್ದರು, ಅದು ಊರಿಗೆಲ್ಲ ಗೊತ್ತು. ಒಳಗೆ ಇದ್ದದ್ದು ಯಜಮಾನರ ಹೆಂಡತಿ ಒಬ್ಬರೇ. ಎಲ್ಲರ ಕಣ್ಣೂ ಯಜಮಾನರ ಮೇಲೆ ಬಿತ್ತು. ಆಮೇಲೆ ಒಬ್ಬ ಮುದುಕ ನಿಧಾನವಾಗಿ, "ಎಲ್ಲ ಶಿವನ ಇಚ್ಛೆ ಸಾ. ನಾಚ್ಕೆ ಯಾಕೆ?" ಅಂದ.

ಯಜಮಾನರು ಪರದೆ ಸರಿಸಿ ಬಂದರು. ಮುಖ ಕೆಂಪಾಗಿತ್ತು. ದೋಸೆಯನ್ನು ಎಲೆಯಲ್ಲಿ ಕಟ್ಟಿಸಿ ಕೊಡುತ್ತೇನೆ, ದಯವಿಟ್ಟು ಹಿತ್ತಲ ಬಾಗಿಲಿಂದ ಹೋಗಿಬಿಡಿ ಅಂತ ಕೈ ಮುಗಿದರು. ನಾನು ಕಳ್ಳಿಯ ಹಾಗೆ ಹಿತ್ತಲಿಂದ ಹೋದೆ. ಮನೆ ಮುಟ್ಟುವಷ್ಟರಲ್ಲಿ ದೋಸೆ ತಣ್ಣಗಾಗಿ ಚರ್ಮದ ಹಾಗಾಗಿತ್ತು. ನರ್ಸಮ್ಮ ಒಂದು ದೋಸೆ ತಿನ್ನಬಾರದೆ ಅಂತ ನಮ್ಮವರ ಮೇಲೆ ಕೂಗಾಡಿದೆ. ಅವರು ಪಾಪ, ಇಡೀ ದಿನ ಮಗ್ಗದಿಂದ ಏಳಲಿಲ್ಲ.

ಮಾರನೇ ದಿನ ಯಜಮಾನರ ಹೆಂಡತಿ ಮನೆಗೇ ಬಂದರು. ಬೈಯಲಿಕ್ಕೆ ಬಂದಿದ್ದಾರೆ ಅಂದುಕೊಂಡು ನಾನೂ ಸೆರಗು ಬಿಗಿದೆ. ಅವರು ಚಾಪೆ ಮೇಲೆ ಕೂತು, ಬಾಗಿಲ ಕಡೆ ಒಂದು ಸಲ ನೋಡಿ, ಮೆಲ್ಲಗೆ ಹೇಳಿದರು: "ಇಪ್ಪತ್ತು ವರ್ಷದಿಂದ ನನ್ನನ್ನ ಎಲ್ಲರೂ ಅಜ್ಜಿ ಅಂತಲೇ ಕರೀತಿದ್ರು. ನೆನ್ನೆಯಿಂದ ಒಂದು ಥರಾ ನೋಡ್ತಾವ್ರೆ. ನೀನು ವಾರಕ್ಕೊಂದು ಸಲ ಬಂದು ದೋಸೆ ತಿನ್ನವ್ವ."

ಬದನೇಕಾಯಿ ಬಣ್ಣ

ಸೀರೆ ಅಂಗಡಿಯ ಸಾಹುಕಾರರದ್ದೂ ಅದೇ ತೊಂದರೆ: ಮುಂದೆ ಅಂಗಡಿ, ಹಿಂದೆ ಮನೆ. ಅವರಿಗೆ ಒಬ್ಬಳೇ ಮಗಳು, ಆಗ ತಾನೇ ಯಳಂದೂರಿನ ಹುಡುಗನ ಜೊತೆ ಮದುವೆ ಮಾತಾಗಿತ್ತು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದಕ್ಕೂ ನನ್ನ ಸೀರೆಗೂ ಏನು ಸಂಬಂಧ?

ಮೊದಲ ದಿನ ಹೋದಾಗ ಎರಡು ಸೀರೆ ಮನಸ್ಸಿಗೆ ಬಂದವು. ಒಂದು ಬದನೇಕಾಯಿ ಬಣ್ಣ, ಇನ್ನೊಂದು ಮಾವಿನ ಚಿಗುರಿನ ಬಣ್ಣ. ತೀರ್ಮಾನ ಆಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದೆ, ಆಗಲೂ ಆಗಲಿಲ್ಲ. ಮೂರನೇ ಸಲ ಸಾಹುಕಾರರ ಹೆಂಡತಿ, ಬಿಸಿಲಲ್ಲಿ ಬಂದಿದ್ದೀರಿ ಅಂತ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಆ ಮಜ್ಜಿಗೆಯೇ ಕೆಡಿಸಿತು.

ನರ್ಸಮ್ಮ ಮದುವೆ ಆಗದ ಹುಡುಗಿ ಇರೋ ಮನೆಗೆ ವಾರದಲ್ಲಿ ಮೂರು ಸಲ ಹೋಗಿ ಬಂದಳು ಅನ್ನೋ ಸುದ್ದಿ ಬಸ್ಸು ಹತ್ತಿ ಯಳಂದೂರಿಗೆ ಹೋಯಿತು. ಹುಡುಗನ ಸೋದರತ್ತೆ ಮರುದಿನ ಬೆಳಗಿನ ಬಸ್ಸಿಗೇ ಬಂದಿಳಿದರು. ಸಾಹುಕಾರರು ನನ್ನನ್ನು ಕರೆಯಲು ತಾವೇ ಓಡಿ ಬಂದರು. ಮಗಳು ಬೆಳಗಿನಿಂದ ಕೋಣೆಯಲ್ಲಿ ಅಳುತ್ತಿದ್ದಾಳೆ ಅಂದರು. ಅದನ್ನು ಕೇಳಿ ನನ್ನ ಸಿಟ್ಟು ನೆತ್ತಿಗೇರಿತು. ಒಂದು ಹೆಣ್ಣುಮಗಳ ಬಾಳು ನನ್ನ ಚೀಲಕ್ಕೆ ತಗುಲಿಕೊಂಡಿತಲ್ಲ ಅಂತ.

ಅತ್ತೆ ಅಂಗಡಿಯ ಗಾದಿ ಮೇಲೆ ನ್ಯಾಯಾಧೀಶರ ಹಾಗೆ ಕೂತಿದ್ದರು. ಯಾಕೆ ಬಂದಿದ್ದೆ ಅಂತ ಕೇಳಿದರು. ಸೀರೆಗೆ ಅಂದೆ. ಒಂದು ಸೀರೆಗೆ ಮೂರು ಸಲ ಯಾರು ಬರುತ್ತಾರೆ ಅಂದರು. ಎರಡು ಬಣ್ಣದಲ್ಲಿ ತೀರ್ಮಾನ ಆಗಲಿಲ್ಲ ಅಂದೆ. ಅವರು ನಂಬಲಿಲ್ಲ. "ಎಲ್ಲಿ, ಆ ಎರಡನ್ನೂ ತೆಗೀರಿ" ಅಂದರು.

ಸಾಹುಕಾರರು ಎರಡನ್ನೂ ಬಿಡಿಸಿ ಹಾಕಿದರು. ಅತ್ತೆ ಬದನೇಕಾಯಿ ಬಣ್ಣದ್ದನ್ನು ಹೆಗಲ ಮೇಲೆ ಹಾಕಿಕೊಂಡರು. ತೆಗೆದು ಚಿಗುರಿನ ಬಣ್ಣದ್ದನ್ನು ಹಾಕಿಕೊಂಡರು. ಬಾಗಿಲ ಬೆಳಕಿಗೆ ಹೋದರು, ಮತ್ತೆ ಒಳಗೆ ಬಂದರು. ನನ್ನನ್ನೇ ಯಾವುದು ಒಪ್ಪುತ್ತದೆ ಅಂತ ಕೇಳಿದರು. ಮಧ್ಯಾಹ್ನದ ಬಸ್ಸು ಹೊರಟು ಹೋಯಿತು. ಸಂಜೆ ಹೊತ್ತಿಗೆ ಅವರು ಸುಸ್ತಾಗಿ ಕೂತು, "ಪಾಪ, ಈಯಮ್ಮ ನಿಜಾನೇ ಹೇಳವ್ರೆ" ಅಂದರು. ಮದುವೆ ಮಾತು ಉಳಿಯಿತು. ಅತ್ತೆ ಎರಡು ಸೀರೆಯನ್ನೂ ಕಟ್ಟಿಸಿಕೊಂಡು ಹೋದರು. ಇನ್ನು ಮೇಲೆ ಅಂಗಡಿ ಕಡೆ ಬರಬೇಡಿ, ಬೇಕಾದ್ದನ್ನು ಮನೆಗೇ ಕಳಿಸುತ್ತೇನೆ ಅಂತ ಸಾಹುಕಾರರು ನನಗೆ ಕೈ ಮುಗಿದರು.

ಒಂದೂವರೆ ವರ್ಷದ ಮೇಲೆ ಅದೇ ಸಾಹುಕಾರರು ನಗುನಗುತ್ತಾ ಬಂದರು. ಮಗಳು ಬಾಣಂತನಕ್ಕೆ ಬಂದಿದ್ದಾಳೆ ಅಂದರು. "ಈಗ ಮುಂಬಾಗಿಲಲ್ಲೇ ಬನ್ನಿ ನರ್ಸಮ್ಮ. ಪೇಟೆ ಬೀದೀಲಿ ಒಂದೆರಡು ಸುತ್ತು ಬೇಕಾದರೂ ಹಾಕ್ಕೊಂಡು ಬನ್ನಿ."

ಬಂಡಳ್ಳಿಯ ನೋವು

ನನಗೆ ಆಸೆ ಚಿಗುರಿದ ವರ್ಷದ್ದೇ ಯುಗಾದಿ. ಎಣ್ಣೆ ನೀರು ಹಾಕಿಕೊಂಡು ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. ಬಂಡಳ್ಳಿಯ ರೈತನೊಬ್ಬ ಬಾಗಿಲಿಗೆ ಬಂದ. ಹಿಂದಿನ ವರ್ಷ ಅವನ ಹೆಂಡತಿಗೆ ಬಹಳ ಕಷ್ಟದ ಹೆರಿಗೆ ಆಗಿತ್ತು. ಹೇಗೋ ತಾಯಿ ಮಗು ಎರಡೂ ಉಳಿದಿದ್ದವು. "ಮನೇಲಿ ನೋವು ಕಣವ್ವ, ಬಿರ್‍ರನೆ ಬರ್ಬೇಕು" ಅಂದ.

ಹೂರಣದ ಕೈ ತೊಳೆದು ಚೀಲ ತಗೊಂಡೆ. ಹನೂರಿನವರೆಗೆ ಬಸ್ಸು, ಅಲ್ಲಿಂದ ಅವನ ಗಾಡಿ. ದಾರಿಯುದ್ದಕ್ಕೂ ಎಷ್ಟು ಹೊತ್ತಿಂದ ನೋವು ಅಂತ ಕೇಳುತ್ತಿದ್ದೆ. ಬೆಳಗಿನಿಂದ ಅನ್ನುತ್ತಿದ್ದ. ವರ್ಷ ತುಂಬಿಲ್ಲ, ಆಗಲೇ ಇನ್ನೊಂದಾ ಅಂತ ಗಾಡಿಯಲ್ಲೇ ಚೀಲ ತೆರೆದು ಸಾಮಾನು ನೋಡಿಕೊಂಡೆ.

ಮನೆ ಮುಟ್ಟಿದರೆ ಅವನ ಹೆಂಡತಿ ಮಗುವನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದಳು. ನೋವು ಯಾರಿಗೆ ಅಂತ ಕೇಳಿದೆ. ಅವನು ತಲೆ ತಗ್ಗಿಸಿದ. ಅವನ ತಾಯಿ ಒಳಗಿಂದ ಬಂದು ನನ್ನ ಕೈ ಹಿಡಿದುಕೊಂಡಳು. ಅಷ್ಟು ಮಾಡಿದವಳು ಒಂದು ಹಬ್ಬಕ್ಕೂ ನಮ್ಮ ಮನೆಯಲ್ಲಿ ಎಲೆ ಹಾಕಿಸಿಕೊಳ್ಳಲಿಲ್ಲ, ಕರೆದಾಗಲೆಲ್ಲ ಕೆಲಸ ಅಂತೀಯ, ಊಟಕ್ಕೆ ಅಂದರೆ ಬರೋದಿಲ್ಲ, ಅದಕ್ಕೇ ನೋವು ಅಂತ ಹೇಳು ಅಂತ ನಾನೇ ಕಳಿಸಿದೆ ಅಂದಳು.

ನನಗೆ ಬಂದ ಸಿಟ್ಟು ಹೇಳತೀರದು. ಸುಳ್ಳು ನೋವು ಹೇಳಿ ಸರ್ಕಾರಿ ನರ್ಸನ್ನು ಕರೆದುಕೊಂಡು ಬರುವುದು ಎಷ್ಟು ದೊಡ್ಡ ತಪ್ಪು, ಈ ಹೊತ್ತಿನಲ್ಲಿ ಕೊಳ್ಳೇಗಾಲದಲ್ಲಿ ನಿಜವಾಗಿ ಯಾರಿಗಾದರೂ ನೋವು ಬಂದಿದ್ದರೆ ಗತಿ ಏನು ಅಂತ ನಿಂತಲ್ಲೇ ಬೈದೆ. ಮುದುಕಿ ಎಲ್ಲ ಕೇಳಿದಳು.

"ಸುಳ್ಳಲ್ಲ ಕಣ್ ಮಗಾ. ನಂಗೆ ವರ್ಸದಿಂದ ನೋವೇ ಇತ್ತು. ನೀನು ಕೂತು ನಾಕು ಒಬ್ಬಟ್ಟು ತಿಂದ್ರೆ ಓಯ್ತದೆ."

ಏಳು ತಿಂದೆ. ಎಲ್ಲವನ್ನೂ ಸಿಟ್ಟಿನಲ್ಲೇ ತಿಂದೆ.

ಕಲ್ಯಾಣಿ

ರಾಮನವಮಿ ಬಂತು. ಪೇಟೆ ಬೀದಿಯಲ್ಲಿ ಚಪ್ಪರ, ಕೋಸಂಬರಿ, ಪಾನಕ, ದಿನಾ ಸಂಜೆ ಐದಕ್ಕೆ ಕಚೇರಿ. ಕೊನೇ ದಿನ ತಂಜಾವೂರು ಕಡೆಯ ಒಬ್ಬ ವಿದ್ವಾಂಸರದ್ದು. ಅವರ ಕಲ್ಯಾಣಿ ರಾಗ ಕೇಳಿದವರು ಆಮೇಲೆ ಎರಡು ದಿನ ಬೇರೆ ಮಾತಾಡುವುದಿಲ್ಲ ಅಂತ ನಮ್ಮವರು ಹೇಳಿದ್ದರು.

ಈ ಸಲ ನಾನು ಬಿಡುವವಳಲ್ಲ. ವಾರದ ಮೊದಲೇ ಬಸುರಿಯರ ಮನೆಗೆಲ್ಲ ಹೋಗಿ ನೋಡಿ ಬಂದೆ. ಒಬ್ಬಳಿಗೂ ಆ ವಾರ ದಿನ ತುಂಬುತ್ತಿರಲಿಲ್ಲ. ಚೀಲ ಮನೆಯಲ್ಲೇ ಬಿಟ್ಟೆ. ಬಿಳಿ ಸೀರೆ ತೆಗೆದು ಮದುವೆಯ ಹಳೇ ಹಸಿರು ಸೀರೆ ಉಟ್ಟು, ಹೆಂಗಸರ ಕಡೆ ಎರಡನೇ ಸಾಲಿನಲ್ಲಿ ಕೂತೆ. ಯಾರಿಗೂ ಗುರುತು ಸಿಗಲಿಲ್ಲ. ಪಕ್ಕದವರು ಯಾವೂರು ಅಂತ ಬೇರೆ ಕೇಳಿದರು.

ವಿದ್ವಾಂಸರು ಕಲ್ಯಾಣಿ ತೆಗೆದರು. ಇನ್ನೇನು ಮೇಲಿನ ಷಡ್ಜ ಮುಟ್ಟಬೇಕು, ಆಗ ಚಪ್ಪರದ ಬಾಗಿಲಲ್ಲಿ ಒಬ್ಬಾತ ಕಂಡ. ನೋವಿನ ಮನೆಯಿಂದ ಬಂದವರ ನಡಿಗೆ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಬಿಳಿ ಸೀರೆ ಹುಡುಕುತ್ತಾ ನನ್ನ ಮುಂದೆಯೇ ಎರಡು ಸಲ ಹೋದ. ನಿಜ ಹೇಳುತ್ತೇನೆ, ನಾನು ಮುಂದಿನ ಸಾಲಿನ ದಪ್ಪ ಹೆಂಗಸಿನ ಬೆನ್ನಿಗೆ ಮರೆಯಾದೆ. ಅಷ್ಟು ಹೊತ್ತು ಎದೆ ಒಳಗೆ ಏನಾಯಿತು ಅಂತ ನನಗೇ ಗೊತ್ತು. ಏಳಬೇಕು ಅಂತ ಕೈ ಊರುವಷ್ಟರಲ್ಲಿ ಆತ ವೇದಿಕೆಗೇ ಹೋಗಿ ವಿದ್ವಾಂಸರ ಕಿವಿಯಲ್ಲಿ ಏನೋ ಹೇಳಿದ. ಅವರು ಹಾಡು ನಿಲ್ಲಿಸಿ ಮೈಕಿನಲ್ಲಿ, ನರ್ಸಮ್ಮ ಇದ್ದರೆ ಏಳಬೇಕು, ರಾಗ ಕಾಯುತ್ತದೆ, ಮಗು ಕಾಯುವುದಿಲ್ಲ ಅಂದರು.

ಸಾವಿರ ಕಣ್ಣಿನ ಮುಂದೆ ಹಸಿರು ಸೀರೆಯಲ್ಲಿ ಎದ್ದೆ. ರಾಗವೇನೂ ಕಾಯಲಿಲ್ಲ. ನಾನು ಚಪ್ಪರದ ಬಾಗಿಲು ದಾಟುವ ಮೊದಲೇ ಮೇಲಿನ ಷಡ್ಜ ಮುಟ್ಟಿಬಿಟ್ಟರು.

ಹೆರಿಗೆ ಚಪ್ಪರದ ಪಕ್ಕದ ಮನೆಯಲ್ಲೇ. ಹುಡುಗಿ ಮುಳ್ಳೂರಿಗೆ ಕೊಟ್ಟವಳು, ಕಚೇರಿ ಕೇಳಬೇಕು ಅಂತಲೇ ತವರಿಗೆ ಬಂದಿದ್ದಳು. ಅವಳ ಹೆಸರು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ನಮ್ಮವರು ಚೀಲ ತಂದುಕೊಟ್ಟರು. ನನಗಿಂತ ಅವಳಿಗೇ ಸಿಟ್ಟು ಜಾಸ್ತಿ. ಇನ್ನೂ ಇಪ್ಪತ್ತು ದಿನ ಇತ್ತಂತೆ. ಕಿಟಕಿ ಹತ್ತಿರದ ಕಂಬಕ್ಕೇ ಮೈಕಿನ ಹಾರ್ನು ಕಟ್ಟಿದ್ದರು; ಗದ್ದಲ ಅಂತ ಅವಳ ತಾಯಿ ಕಿಟಕಿ ಮುಚ್ಚಲು ಹೋದಳು. ಹುಡುಗಿ ಹಲ್ಲು ಕಚ್ಚಿಕೊಂಡು, "ಮುಚ್ಚಿದ್ರೆ ನೋಡು" ಅಂದಳು.

ಹಾಗಾಗಿ ಇಬ್ಬರೂ ಕಚೇರಿ ಕೇಳಿದೆವು. ನೋವಿನ ನಡುವೆ ಅವಳು ಸುಮ್ಮನಿದ್ದಾಗಲೆಲ್ಲ ನಾನು ಅವಳ ಕೈ ಹಿಡಿದು ಕಿವಿಯನ್ನು ಕಿಟಕಿಗೆ ಕೊಟ್ಟೆ. ಹಾಡು ಮುಗಿದು ಮೃದಂಗದವರು ಒಬ್ಬರೇ ತನಿ ಆವರ್ತನ ಬಾರಿಸುತ್ತಿದ್ದಾಗ ಮಗು ಹುಟ್ಟಿತು. ಗಂಡು. ಅತ್ತದ್ದು ತಾಳಕ್ಕೆ ಸರಿಯಾಗಿಯೇ ಇತ್ತು ಅಂತ ಹುಡುಗಿಯ ವಾದ.

ಆಮೇಲೆ ಜಾತಕಕ್ಕೆ ಅಂತ ಹುಡುಗಿಯ ತಾಯಿ ವೇಳೆ ಕೇಳಿದಳು. ಆ ಮನೆಯಲ್ಲಿ ಗಡಿಯಾರ ಇರಲಿಲ್ಲ, ನನ್ನದು ಬಿಳಿ ಸೀರೆಯ ಜೊತೆ ಮನೆಯಲ್ಲಿತ್ತು. ನನಗೂ ಕಚೇರಿಯ ನಡುವೆ ಎದ್ದು ಬಂದ ಉರಿ ಆರಿರಲಿಲ್ಲ. ರಿಜಿಸ್ಟರಿನಲ್ಲಿ ಹುಟ್ಟಿದ ವೇಳೆಯ ಕಡೆ "ತನಿ ಆವರ್ತನದಲ್ಲಿ" ಅಂತಲೇ ಬರೆದೆ. ಕೇಳಿದರೆ ಕೇಳಲಿ, ಸರ್ಕಾರಕ್ಕೂ ಗೊತ್ತಾಗಲಿ ಅಂತ.

ತಿಂಗಳ ತಪಾಸಣೆಗೆ ಬರುವ ಮೇಲಧಿಕಾರಿ ಕೊಯಮತ್ತೂರಿನವರು, ಒಂದು ಸೊನ್ನೆ ತಪ್ಪಿದರೂ ಬಿಡುವವರಲ್ಲ. ಹದಿನೈದು ದಿನಕ್ಕೆ ಅವರ ಮೆಮೊ ಬಂತು. ಕೆಲಸ ಹೋಯಿತು ಅಂದುಕೊಂಡೇ ಬಿಚ್ಚಿದೆ. ಅದರಲ್ಲಿ ಹೀಗಿತ್ತು: "ಜನನದ ವೇಳೆಯನ್ನು ತನಿ ಆವರ್ತನವೆಂದು ಬರೆದಿರುವುದು ಅಸ್ಪಷ್ಟವಾಗಿದೆ. ಆ ದಿನ ನಾನೂ ಚಪ್ಪರದಲ್ಲಿದ್ದೆ. ತನಿ ಅರ್ಧ ಗಂಟೆಗೂ ಹೆಚ್ಚು ನಡೆಯಿತು. ಮಗು ಹುಟ್ಟಿದ್ದು ಆರಂಭದಲ್ಲೋ, ನಡುವಿನಲ್ಲೋ, ಮುಕ್ತಾಯದಲ್ಲೋ ಕೂಡಲೇ ತಿಳಿಸತಕ್ಕದ್ದು."