ಕಾರಿನೊಳಗೆ ಚೆಂಡೆ ಕೂರಿಸಹೋದದ್ದು

ಕಾರಿಗೆ ಆಂಪ್ಲಿಫಯರ್ ಕೂರಿಸುವುದು ಏನು ಮಹಾ ವಿದ್ಯೆ! ಕೆಂಪು ತಂತಿ ಬ್ಯಾಟರಿಗೆ, ಕಪ್ಪು ತಂತಿ ಕಾರಿನ ಮೈಗೆ, ಉಳಿದದ್ದು ಸ್ಪೀಕರಿಗೆ. ಮೊಬೈಲಿನಲ್ಲಿ ಒಂದು ವೀಡಿಯೊವನ್ನು ಮುಕ್ಕಾಲು ಪಾಲು ನೋಡಿ ನಾನು ಈ ತೀರ್ಮಾನಕ್ಕೆ ಬಂದೆ. ಉಳಿದ ಕಾಲು ಪಾಲಿನಲ್ಲಿ ಆ ಮನುಷ್ಯ ಎಚ್ಚರಿಕೆಯ ಮಾತುಗಳನ್ನು ಶುರು ಮಾಡಿದ್ದ. ನಮಗೆ ಅದೆಲ್ಲ ಯಾಕೆ ಎಂದು ಅಲ್ಲಿಗೇ ನಿಲ್ಲಿಸಿದೆ.

ನಾನು ನಾವುಂದದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ವಿದ್ಯುತ್ತಿನಲ್ಲಿ ನನ್ನ ಸಾಧನೆಯೆಂದರೆ ಮನೆಯ ಫ್ಯೂಸು ಹೋದಾಗ ಹಳೆ ವಯರಿನಿಂದ ಒಂದೆಳೆ ತಾಮ್ರದ ತಂತಿ ಕಿತ್ತು ಕಟ್ಟುವುದು. ಮಳೆಗಾಲದಲ್ಲಿ ಅಕ್ಕಪಕ್ಕದ ಮನೆಗಳಿಂದಲೂ ನನಗೆ ಕರೆ ಬರುವುದುಂಟು. ಹೋದಲ್ಲೆಲ್ಲ ಚಾ ಕೊಡುತ್ತಾರೆ. ಇಷ್ಟು ಸಾಲದೇ, ಮನುಷ್ಯನಿಗೆ ಅಹಂಕಾರ ಬರಲು?

ಆಂಪ್ಲಿಫಯರಿನ ಅಗತ್ಯ ಬಿದ್ದದ್ದು ನನ್ನ ಹೆಂಡತಿ ಸುಮಿತ್ರಾಳಿಂದ. ಅವಳು ಊರಿನ ಹೆಂಗಸರ ಯಕ್ಷಗಾನ ತಂಡದಲ್ಲಿದ್ದಾಳೆ. ವರ್ಷಗಟ್ಟಲೆ ಸಖಿಯಾಗಿ ಮೂಲೆಯಲ್ಲಿ ನಿಂತವಳಿಗೆ ಮೊದಲ ಬಾರಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ ಸಿಕ್ಕಿತ್ತು. ಆ ಪ್ರದರ್ಶನ, ನಮ್ಮ ಮಾತಿನಲ್ಲಿ ಆಟ, ಒಂದು ಸಂಜೆ ಕೊಕ್ಕರ್ಣೆಯಲ್ಲಿ. ಅಡುಗೆಮನೆಯಲ್ಲಿ ಅವಳು ಆರ್ಭಟ ಕೊಡುವುದನ್ನು ಕೇಳಿ ನಮ್ಮ ಬೆಕ್ಕು ಪಕ್ಕದ ಮನೆ ಸೇರಿತ್ತು. ಅವಳ ಪಾಲಿಗೆ ಆ ಸಂಜೆ ಅಂದರೆ ಮದುವೆಗಿಂತ ಹೆಚ್ಚು. ಮದುವೆಗೆ ಅವಳು ಇಷ್ಟು ತಯಾರಿ ಮಾಡಿಕೊಂಡಿರಲಿಲ್ಲ!

"ಹ್ವಾಯ್, ಹೋಪತಿಗೆ ಕಾರಂಗೆ ಪದ್ಯ ಕೇಂಡ್ಕಂತ್ ಹೋಯ್ಕ್. ಆರೆ ನಿಮ್ ಕಾರಂಗೆ ಚೆಂಡೆ ತಗಡ್ ಬಡ್ದಂಗ್ ಆತ್ತ್. ತಾಳವೇ ಗೊತ್ತಾತಿಲ್ಲೆ ಮಾರಾಯ್ರೆ" ಎಂದಳು.

ದಾರಿಯುದ್ದಕ್ಕೂ ಪದ್ಯ ಕೇಳುತ್ತ ಹೋಗಬೇಕೆಂದು ಹೆಂಡತಿ ಬಯಸಿದಳಲ್ಲ, ಅಷ್ಟೇ ಸಾಕಾಯಿತು. ಕುಂದಾಪುರಕ್ಕೆ ಹೋಗಿ ಆಂಪ್ಲಿಫಯರು, ಡಬ್ಬದಂಥ ದೊಡ್ಡ ಸ್ಪೀಕರು, ಹಾವಿನಷ್ಟು ದಪ್ಪದ ಕೆಂಪು ವಯರು ತಂದೆ. ಅಂಗಡಿಯವರು "ಕೂರ್ಸಿ ಕೊಡ್ತೊ" ಅಂದರು. ನಾನು ನಕ್ಕುಬಿಟ್ಟೆ.

ಬ್ಯಾಟರಿಯಿಂದ ಹಿಂದಿನ ಡಿಕ್ಕಿಯವರೆಗೆ ವಯರನ್ನು ಮೀಟರ್ ಕೋಲಿನಲ್ಲಿ ಅಳೆದು, ಗಿರಾಕಿಗೆ ಕೊಡುವಂತೆ ಒಂದು ಗೇಣು ಹೆಚ್ಚಿಗೆ ಕತ್ತರಿಸಿದೆ. ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವೆ ಇರುವ ತಗಡಿಗೆ ತೂತು ಕೊರೆದು ವಯರನ್ನು ಒಳಗೆ ಎಳೆದುಕೊಂಡೆ. ಸಾಮಾನಿನ ಜೊತೆ ಒಂದು ರಬ್ಬರ್ ಬಳೆಯೂ ಬಂದಿತ್ತು. ತೂತಿನ ಅಂಚು ವಯರನ್ನು ಕೊಯ್ಯದ ಹಾಗೆ ಅದನ್ನು ಅಲ್ಲಿ ಸಿಕ್ಕಿಸಬೇಕಂತೆ. ಇದು ನನಗೆ ಆಮೇಲೆ ಗೊತ್ತಾದ ಸಂಗತಿ. ಅವತ್ತು ಅದನ್ನು ಹೆಚ್ಚುವರಿ ಸಾಮಾನು ಎಂದು ಘೋಷಿಸಿ ಬದಿಗಿಟ್ಟೆ. ಅಂಚು ಹೊಲಿಯದ ಒಂದು ಟವಲನ್ನೂ ಜೀವನದಲ್ಲಿ ಮಾರದ ನಾನು!

ಕಪ್ಪು ತಂತಿಯನ್ನು ಡಿಕ್ಕಿಯ ಒಂದು ಚಂದದ ಬೋಲ್ಟಿಗೆ ಬಿಗಿದೆ. ಬಣ್ಣ ಕೆರೆದು ಬರಿಯ ತಗಡಿಗೆ ಕೊಡಬೇಕಿತ್ತಂತೆ. ಬಣ್ಣ ಹಾಳು ಮಾಡಲು ಮನಸ್ಸು ಬರಲಿಲ್ಲ. ಹಾಗಾಗಿ ಕಾರು ಚಾಲೂ ಮಾಡಿದ ಕೂಡಲೇ ಸ್ಪೀಕರಿನಿಂದ 'ಕುಂಯ್' ಎಂಬ ನಾದ ಹೊರಟಿತು.

"ಇದೆಂತ ಸ್ವರ?" ಸುಮಿತ್ರಾ ಕೇಳಿದಳು.

"ಶ್ರುತಿ!" ಎಂದೆ ಗಂಭೀರವಾಗಿ.

ವೇಗ ಹೆಚ್ಚಿದಂತೆ ಶ್ರುತಿಯೂ ಏರಿತು. "ಭಾಗವತ್ರ್ ಕಪ್ಪ್ ಎರಡ್ರಂಗೆ ಹಾಡ್ತಿದ್ರ್, ನಿಮ್ ಕಾರ್ ಕಪ್ಪ್ ಐದಕ್ ಹೋಯ್ತಲೆ!" ಎಂದಳು ಅವಳು, ಹಾರ್ಮೋನಿಯಮ್ಮಿನ ಕಪ್ಪು ಮನೆಗಳ ಲೆಕ್ಕದಲ್ಲಿ. ಆದರೂ ಚೆಂಡೆಪೆಟ್ಟು ಬಿದ್ದಾಗ ಬೆನ್ನಿನ ಮೂಳೆ ನಡುಗಿತು. ಇಬ್ಬರಿಗೂ ಪರಮ ಸಂತೋಷವಾಯಿತು.

ಆಟದ ದಿನ ಬೆಳಿಗ್ಗೆ ನೋಡಿದರೆ ಆಂಪ್ಲಿಫಯರಿಗೆ ಉಸಿರೇ ಇಲ್ಲ. ಬ್ಯಾಟರಿಯ ಪಕ್ಕದ ಫ್ಯೂಸು ಹೋಗಿತ್ತು. ಜೊತೆಗೆ ಕೊಟ್ಟಿದ್ದ ಇನ್ನೊಂದನ್ನು ಹಾಕಿದೆ. ಕಾರು ಅಂಗಳದಿಂದ ರಸ್ತೆಗೆ ಇಳಿದು ಒಮ್ಮೆ ಕುಲುಕಿತು. ಅದೂ ಹೋಯಿತು!

"ಫ್ಯೂಸ್ ಎಂತಕ್ ಹೋಯ್ತ್ ಅಂದ್ ಕಂಡ್ರ್ಯಾ?" ಸುಮಿತ್ರಾ ಕೇಳಿದಳು.

"ಹೋಪುದ್ ಅದ್ರ್ ಕೆಲ್ಸ, ಕಟ್ಟುದ್ ನನ್ ಕೆಲ್ಸ!" ಎಂದು ಎದೆಯುಬ್ಬಿಸಿದೆ. ಈ ಸಲ ಒಂದೆಳೆಯಲ್ಲ, ಪುನಃ ಹೋಗುವುದೇ ಬೇಡವೆಂದು ಇಡೀ ಕಟ್ಟು ತಂತಿಯನ್ನು ಹೊಸೆದು ಫ್ಯೂಸಿನ ಜಾಗದಲ್ಲಿ ಬಿಗಿದೆ. ತೂತಿನ ಅಂಚು ವಯರಿನ ಸಿಪ್ಪೆಯನ್ನು ಕೊಯ್ಯುತ್ತಿದೆ, ತಾಮ್ರ ತಗಡಿಗೆ ತಾಗುತ್ತಿದೆ ಎಂದು ಆ ಬಡಪಾಯಿ ಫ್ಯೂಸು ಎರಡು ಸಲ ಪ್ರಾಣ ಬಿಟ್ಟು ಹೇಳಿತ್ತು. ನಾನು ಅದರ ಬಾಯಿಗೆ ಬಟ್ಟೆ ತುರುಕಿದೆ.

ಬಣ್ಣ ಹಚ್ಚುವವರಿಗೆ ಸಂಜೆ ಬೇರೆ ಕಡೆ ಆಟವಿತ್ತು. ಹಾಗಾಗಿ ಅವರು ಮಧ್ಯಾಹ್ನವೇ ನಮ್ಮ ಮನೆಗೆ ಬಂದು ಸುಮಿತ್ರಾಳ ಮುಖ ಬರೆದು ಹೋಗಿದ್ದರು. ಕೆಂಪು, ಕಪ್ಪು, ಅಕ್ಕಿಹಿಟ್ಟಿನ ಬಿಳಿ ಚುಕ್ಕೆಗಳ ಚಿಟ್ಟಿ, ಕೋರೆಹಲ್ಲು! ವೇಷದ ಬಟ್ಟೆಯನ್ನೂ ಉಟ್ಟು, ಕಿರೀಟದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತಳು. ಹೊರಟೆವು. ಚೆಂಡೆ ಗುಡುಗುತ್ತಿತ್ತು.

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ನಡುವೆ ಹೆದ್ದಾರಿಯಲ್ಲಿ ನಾವು. ಅಲ್ಲಿ ಹೊಗೆ ಬಂತು.

ಮೊದಲು ವಾಸನೆ. ಆಮೇಲೆ ಕಾಲಬುಡದಿಂದ ಬಿಳಿ ಹೊಗೆ. ನಾನು ಕಾರನ್ನು ಬದಿಗೆ ನಿಲ್ಲಿಸಿ, ಬಾನೆಟ್ಟು ಎತ್ತಿ, ಸುಡುತ್ತಿರುವ ವಯರಿಗೆ ಉಫ್ ಉಫ್ ಎಂದು ಊದಿದೆ. ಹೌದು, ಬಾಯಿಯಿಂದ! ಮಸಿಯೆಲ್ಲ ತಿರುಗಿ ನನ್ನ ಮುಖಕ್ಕೇ ಬಂತು.

ಅಷ್ಟರಲ್ಲಿ ಹೊಗೆಯ ಮಧ್ಯದಿಂದ ರಾಕ್ಷಸ ಇಳಿದ. ಸಮುದ್ರ ನೋಡಲು ಬಂದವರೆಲ್ಲ ಮೊಬೈಲು ಹಿಡಿದು ಓಡಿಬಂದರು.

"ಊದುಕ್ ಅದೆಂತ ಒಲಿಯಾ? ಬದಿಗ್ ಹೋಯ್ನಿ!" ಸುಮಿತ್ರಾ ಗುಡುಗಿದಳು. ಸೀಟಿನ ಮೇಲಿದ್ದ ದಪ್ಪ ಟವಲನ್ನು ಕೈಗೆ ಸುತ್ತಿಕೊಂಡು ಬ್ಯಾಟರಿಯ ಕಪ್ಪು ತಂತಿಯನ್ನು ಎಳೆದಳು. ಅದು ಒಂದೇ ಎಳೆತಕ್ಕೆ ಕಿತ್ತು ಬಂತು. ಕೆಲಸಕ್ಕೆಂದು ಬಿಚ್ಚಿದ್ದನ್ನು ನಾನು ಸರಿಯಾಗಿ ಬಿಗಿದಿರಲಿಲ್ಲ. ಇಡೀ ಪ್ರಕರಣದಲ್ಲಿ ನಮ್ಮನ್ನು ಕಾಪಾಡಿದ ನನ್ನ ಕೆಲಸ ಅದೊಂದೇ! ಹೊಗೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಒಬ್ಬರು "ಇನ್ನೊಂದ್ಸಲ ಮಾಡಿ, ವೀಡಿಯೊ ಬರಲಿಲ್ಲ" ಅಂದರು.

ಆದರೆ ಕೋರೆಹಲ್ಲಿನ ಮೇಲೆ ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. "ನನ್ ವೇಷ ಹೋಯ್ತಲೆ" ಎಂದಳು ಮೆಲ್ಲಗೆ. ಕಾರನ್ನು ಹತ್ತಿರದ ಗೂಡಂಗಡಿಯವರ ವಶಕ್ಕೆ ಬಿಟ್ಟು, ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿ ನಿಂತೆ. ಉಡುಪಿ ಕಡೆಯ ಬಸ್ಸು ಕಿರ್ರೆಂದು ಬ್ರೇಕು ಹಾಕಿತು.

ಕಂಡಕ್ಟರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹ್ವಾಯ್, ಒಳ್ಗ್ ಹೋಯ್ನಿ! ರಾಕ್ಷಸ್ರ್ ಹತ್ತುದ್, ಎದ್ರ್ ಸೀಟ್ ಬಿಡಿನಿ!" ಎಂದು ಕೂಗಿದರು. ರಾಕ್ಷಸರಿಗೆ ಸೀಟು ಸಿಕ್ಕಿತು. ನಾನು ಕಿರೀಟದ ಗಂಟು ಹಿಡಿದುಕೊಂಡು ಬ್ರಹ್ಮಾವರದವರೆಗೆ ನಿಂತೇ ಹೋದೆ. ಅಲ್ಲಿಂದ ರಿಕ್ಷಾ. ಸುಮಿತ್ರಾ ದಾರಿಯುದ್ದಕ್ಕೂ ತೊಡೆಯ ಮೇಲೆ ತಾಳ ಹಾಕಿಕೊಂಡು ಪದ್ಯ ಗುನುಗಿದಳು. ಆಂಪ್ಲಿಫಯರ್ ಬೇಕಾಗಲೇ ಇಲ್ಲ.

ಕೊಕ್ಕರ್ಣೆಯ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ ಕಾಲಿಟ್ಟಾಗ ಹೊರಗೆ ಪೂರ್ವರಂಗ ನಡೆಯುತ್ತಿತ್ತು. ಸಮಯವಿತ್ತು! ಸುಮಿತ್ರಾ ಕಿರೀಟ ಕಟ್ಟಿಸಿಕೊಳ್ಳಲು ಕೂತಳು. ಸಂಘಟಕರೊಬ್ಬರು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಇವ್ರದ್ದ್ ಎಂತ ವೇಷ? ಬಣ್ಣ ಯಾರ್ ಹಚ್ಚದ್ದ್?"

"ಅವ್ರ್ ಹಾಸ್ಯದವ್ರ್" ಎಂದಳು ಸುಮಿತ್ರಾ, ಕನ್ನಡಿಯಿಂದ ಕಣ್ಣು ತೆಗೆಯದೆ. "ಬಣ್ಣ ಅವ್ರೇ ಹಚ್ಕಂಡದ್ದ್. ಮಾತ್ ಕಲ್ಸುದ್ ಬ್ಯಾಡ, ಸುಮ್ನೆ ನಿಂತ್ರೂ ಜನ ನೆಗಾಡ್ತೊ."

ಸಂಘಟಕರು ನಂಬಿಬಿಟ್ಟರು! ಒಳಗೆ ಹೋಗಿ ಹಾಸ್ಯಗಾರನ ಟೊಪ್ಪಿಯೊಂದನ್ನು ತಂದು ನನ್ನ ತಲೆಗೆ ಇಟ್ಟರು. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.