ಅಳಿಯನ ಟಿಪ್ಪಣಿ, ಮಾವನ ಸಭೆ

ವಿಜ್ಞಾನವನ್ನು ಹಳ್ಳಿಗೆ ತಲುಪಿಸುವ ಭಾರವನ್ನು ಯಾರಾದರೊಬ್ಬರು ಹೊರಲೇಬೇಕು. ದುಮ್ಮವಾಡದಲ್ಲಿ ಅದನ್ನು ನಾನು ಹೊತ್ತಿದ್ದೆ. ಅಲ್ಲಿಯ ಹೈಸ್ಕೂಲಿನಲ್ಲಿ ನಾನು ಕಂಪ್ಯೂಟರ್ ಮಾಸ್ತರ. ಊರಿನ ರೈತರ ಸಂಘಕ್ಕೆ ತೆನೆಯಿಂದ ಕಾಳು ಬಿಡಿಸುವ ಒಂದು ರಾಶಿ ಮಷಿನ್ ಇದೆ. ಗೋವಿನಜೋಳ ಒಣಗಿದ ಕೂಡಲೇ ಎಲ್ಲರಿಗೂ ಅದು ಇವತ್ತೇ ಬೇಕು! ಹೀಗಾಗಿ ಯಾರ ಪಾಳಿ ಯಾವಾಗ ಎಂದು ಹೇಳುವ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದು ಹೇಗೋ ನಡೆಯುತ್ತಿತ್ತು.

ಸುದ್ದಿ ಬಮ್ಮಿಗಟ್ಟಿಗೆ ಮುಟ್ಟಿತು. ಅಲ್ಲಿಯ ಸಂಘದ ಅಧ್ಯಕ್ಷರಾದ ಚನಬಸಪ್ಪನವರು ಸಾಕ್ಷಾತ್ ನನ್ನ ಮಾವ. ಮದುವೆಯಾದಾಗಿನಿಂದ ಅವರು ನನ್ನನ್ನು ಯಾರಿಗೆ ಪರಿಚಯಿಸಿದರೂ "ಇವ್ರು ನಮ್ಮ ಗಿರಿಜಾನ ಮನಿಯವ್ರು" ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಮುಂದೆ ಒಂದು ಒಳ್ಳೆಯ ಮಾತು ಬಂದೀತೆಂದು ನಾನು ಕಾಯುತ್ತಿದ್ದೆ. ಬರುತ್ತಿರಲಿಲ್ಲ. ಅಂಥವರೇ ಫೋನ್ ಮಾಡಿದರು!

"ಅಳಿಯಂದ್ರ, ನಿಮ್ಮ ಪಾಳಿ ಪ್ರೋಗ್ರಾಂ ನಮಗೂ ಬೇಕಾಗೇತಿ. ಅದು ಹೆಂಗ ನಡೀತೈತಿ ಅಂತ ಪೂರಾ ಬರದು ತರ್ರಿ. ಸಭಾದಾಗ ಇಡೂಣು."

ಬರೆಯುವುದೇನು ಬಂತು? ಪ್ರೋಗ್ರಾಂ ಬರೆಯುವವರು ಸಾಲುಗಳ ನಡುವೆ ತಮ್ಮ ನೆನಪಿಗೆಂದು ಟಿಪ್ಪಣಿ ಹಾಕಿಕೊಳ್ಳುವುದುಂಟು. ಕಂಪ್ಯೂಟರ್ ಅದನ್ನು ಓದದೆ ದಾಟಿ ಹೋಗುತ್ತದೆ. ಆ ಧೈರ್ಯದ ಮೇಲೆ ಮನೆಯಲ್ಲಿ ಆಡಲಾಗದ ಮಾತನ್ನೂ ನಾನು ಅಲ್ಲಿಯೇ ಬರೆದು ಹಗುರಾಗುತ್ತಿದ್ದೆ. ಟಿಪ್ಪಣಿಗಳನ್ನು ಆರಿಸಿ, ತಲೆಬರಹ ಕೊಟ್ಟು, ಕೈಪಿಡಿ ಮಾಡಿಕೊಡುವ ಸಲಕರಣೆಯೂ ಇದೆ. ಜನರಿಗೆ ತೋರಿಸುವ ಟಿಪ್ಪಣಿಯ ತಲೆಗೆ ಎರಡು ನಕ್ಷತ್ರ ಹಾಕಬೇಕು, ಗುಟ್ಟಿನದಕ್ಕೆ ಒಂದೇ. ನಾನು ಎಲ್ಲದಕ್ಕೂ ಎರಡು ಹಾಕಿದ್ದೆ. ಎರಡು ಹಾಕಿದರೆ ಪರದೆಯ ಮೇಲೆ ಅಕ್ಷರ ಹಸಿರಾಗಿ ಚಂದ ಕಾಣುತ್ತಿತ್ತು!

ಗುಂಡಿ ಒತ್ತಿದೆ. ದಪ್ಪನೆಯ ಕೈಪಿಡಿ ತಯಾರಾಯಿತು.

"ಕೊಡೂಕಿಂತ ಮೊದಲ ಒಮ್ಮೆ ಓದಿ ನೋಡ್ರಲಾ," ಎಂದಳು ಗಿರಿಜಾ.

"ನಾನ ಬರದದ್ದನ್ನ ನಾನ ಏನ್ ಓದೂದು?" ಎಂದು ಕಲಘಟಗಿಗೆ ಹೋಗಿ ಪ್ರಿಂಟ್ ತೆಗೆಸಿ, ಬೈಂಡಿಂಗ್ ಮಾಡಿಸಿದೆ. ಒಂದು ಪ್ರತಿ ಮನೆಗೆ, ಒಂದು ಮಾವನವರಿಗೆ.

ಬಮ್ಮಿಗಟ್ಟಿಯ ಸಂಘದಲ್ಲಿ ಒಂದು ರೂಢಿಯಿದೆ. ಸಭೆಗೆ ಬಂದ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಒಂದು ಸಾಲು ಬಿಟ್ಟರೂ ಏನನ್ನೋ ಮುಚ್ಚಿಟ್ಟರೆಂದು ಜನ ಎದ್ದು ನಿಲ್ಲುತ್ತಾರೆ. ಮಾವನವರು ಕೈಪಿಡಿಗೆ ಹೂವೇರಿಸಿ ಕಾರ್ಯದರ್ಶಿ ಇಮಾಮಸಾಬರ ಕೈಗೆ ಕೊಟ್ಟರು. ನಾನು ಶಾಲು ಹೊದಿಸಿಕೊಳ್ಳುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುಳಿತೆ.

"ಭಾಗ ಒಂದು. ಪಾಳಿ ಹಚ್ಚುವ ವಿಧಾನ," ಎಂದು ಇಮಾಮಸಾಬರು ಶುರುಮಾಡಿದರು. "ವಿವರಣೆ: ಬಹಳ ಬೈಯುವವರಿಗೆ ಮೊದಲ ಪಾಳಿ. ಸೌಮ್ಯ ಜನ ಕೊನೆಗೆ. ಅವರು ಏನೂ ಅನ್ನುವುದಿಲ್ಲ."

ನನ್ನ ಬೆನ್ನು ತುಸು ಬಾಗಿತು.

"ನಮ್ಮೂರಾಗೂ ಹಂಗ ಐತಲ್ರಿ! ಬರದಿಟ್ಟಿಲ್ಲ, ಅಷ್ಟ," ಎಂದರು ಹಿಂದೆ ಕುಳಿತವರೊಬ್ಬರು.

"ಭಾಗ ಎರಡು. ಮಳೆ ಬಂದರೆ ದಿನ ಮುಂದೂಡುವ ವಿಧಾನ. ವಿವರಣೆ: ಇದು ಹೇಗೆ ನಡೆಯುತ್ತದೋ ನನಗೂ ಗೊತ್ತಿಲ್ಲ. ಯಾರೂ ಮುಟ್ಟಬೇಡಿ."

ನಾನು ಎದ್ದು ನಿಂತೆ. "ಸಾಹೇಬ್ರ, ಮುಂದಿಂದು ಬಾಳ ತಾಂತ್ರಿಕ ಐತ್ರಿ. ಬಿಟ್ಟಬಿಡ್ರಿ."

ಅಲ್ಲಿಯೇ ಕೆಟ್ಟಿತು! "ಏ, ಬಿಡಬ್ಯಾಡ್ರಿ! ಪೂರಾ ಓದ್ರಿ!" ಎಂದು ಇಡೀ ಸಭೆ ಕೂಗಿತು.

"ಭಾಗ ಮೂರು. ತಪ್ಪು ಹುಡುಕುವ ವಿಧಾನ. ವಿವರಣೆ: ಅಪೂರ್ಣ. ಮಾವನವರು ಮನೆಗೆ ಬಂದಿದ್ದಾರೆ. ಹೇಳಿದ್ದನ್ನೇ ಹೇಳುತ್ತಾರೆ. ಅವರು ಬಸ್ ಹತ್ತಿದ ಮೇಲೆ ಮುಂದುವರಿಸುವುದು."

ಇಮಾಮಸಾಬರು ಕನ್ನಡಕ ತೆಗೆದು ಒರೆಸತೊಡಗಿದರು. ಪಾಪ, ಒಳ್ಳೆಯ ಮನುಷ್ಯ. ಕನ್ನಡಕ ಎಷ್ಟು ಹೊತ್ತು ಒರೆಸಲು ಸಾಧ್ಯವೋ ಅಷ್ಟೂ ಹೊತ್ತು ಒರೆಸಿದರು.

"ಮುಂದ ಓದ್ರಿ," ಎಂದರು ಮಾವನವರು.

"ಮುಂದ... 'ಇನ್ನೂ ಹೋಗಿಲ್ಲ' ಅಂತ ಐತ್ರಿ."

ಜನ ನಕ್ಕರು, ನಕ್ಕರು, ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಮಾವನವರು ಮಾತ್ರ ನಗಲಿಲ್ಲ. ನಿಧಾನವಾಗಿ ಎದ್ದು ನಿಂತರು.

"ನಮ್ಮ ಅಳಿಯಂದ್ರು ಅಗದಿ ಪ್ರಾಮಾಣಿಕ ಮನಶ್ಯಾ ಅದಾರ. ಅದರಾಗ ಎರಡ ಮಾತಿಲ್ಲ," ಎಂದರು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ! ಇಷ್ಟು ವರ್ಷದ ಮೇಲೆ ಅಂತೂ ಬಂತಲ್ಲ ಆ ಮಾತು! ಎದೆ ತುಂಬಿ ಬಂತು. ಅಷ್ಟಕ್ಕೇ ಕೂತಿದ್ದರೆ ಚೆನ್ನಾಗಿತ್ತು. ಅವರು ಕೂರಲಿಲ್ಲ. "ಶಾಣ್ಯಾ ಇದ್ದಿದ್ರ ತರೂಕಿಂತ ಮೊದಲ ಒಮ್ಮೆ ಓದತಿದ್ರು!"

ಸಭೆ ಒಮ್ಮತದಿಂದ ತೀರ್ಮಾನಿಸಿತು: ಪ್ರೋಗ್ರಾಂ ಬೇಡ, ಕೈಪಿಡಿ ಇರಲಿ.

ನಾನು ದುಮ್ಮವಾಡ ಮುಟ್ಟುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ಗಿರಿಜಾ ಮನೆಯ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಚಹಾ ಕೇಳುವ ಧೈರ್ಯ ನನಗಾಗಲಿಲ್ಲ.

"ಅಪ್ಪಾರದು ಮೂರನೇ ಭಾಗದಾಗ ಐತಂತ," ಎಂದಳು ಶಾಂತವಾಗಿ. "ನಂದು ಎಷ್ಟನೇದರಾಗ ಐತ್ರಿ?"

ಹೇಳೋಣವೆಂದರೆ ನನಗಾದರೂ ಎಲ್ಲಿ ಗೊತ್ತು? ನಾನಿನ್ನೂ ಅದನ್ನು ಓದಿಯೇ ಇರಲಿಲ್ಲ!