ಖಾಲಿ ಡಬ್ಬಿ ಹಿಂದಿರುಗಿಸಿದವನ ಪಾಡು

ಮನುಷ್ಯ ಕೆಡುವುದು ಹೆಣ್ಣು, ಹೊನ್ನು, ಮಣ್ಣು ಈ ಮೂರರಿಂದ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಅವರಲ್ಲಿ ಯಾರೂ ನ್ಯೂಜಿಲೆಂಡಿನ ಹಳ್ಳಿಯಲ್ಲಿ ಸಂಸಾರ ಹೂಡಿದವರಲ್ಲ. ಹೂಡಿದ್ದರೆ ನಾಲ್ಕನೆಯದಾಗಿ ಐಸ್‌ಕ್ರೀಮ್ ಡಬ್ಬಿಯನ್ನೂ ಸೇರಿಸುತ್ತಿದ್ದರು. ಹೆಣ್ಣಿನಿಂದ ಕೆಡಲು ನನ್ನ ಹೆಂಡತಿ ಅವಕಾಶ ಕೊಟ್ಟಿಲ್ಲ. ಹೊನ್ನು, ಮಣ್ಣು ಎರಡೂ ನನ್ನ ಹತ್ತಿರ ಸುಳಿದಿಲ್ಲ. ನನ್ನನ್ನು ಈ ಗತಿಗೆ ತಂದದ್ದು ನೀಲಿ ಮುಚ್ಚಳದ, ವೆನಿಲ್ಲಾ ಎಂದು ಬರೆದಿರುವ ಒಂದು ಪ್ಲಾಸ್ಟಿಕ್ ಡಬ್ಬಿ. ಯಾರ ಹತ್ತಿರವಾದರೂ ಹೇಳಿಕೊಂಡು ಎದೆ ಹಗುರ ಮಾಡಿಕೊಳ್ಳೋಣವೆಂದರೆ ಇಲ್ಲಿ ನನ್ನ ಮಾತು ಕೇಳಲು ಪುರಸೊತ್ತಿರುವುದು ಹಸುಗಳಿಗೆ ಮಾತ್ರ. ಅವಕ್ಕೆ ಹೇಳಿ ನೋಡಿದ್ದೇನೆ. ಮೆಲುಕು ಹಾಕುತ್ತ ಕೇಳಿಸಿಕೊಂಡು ಬಾಲ ತಿರುಗಿಸಿ ಹೋಗುತ್ತವೆ. ಆದ್ದರಿಂದ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಮೊದಲು ನಾವು ಆಕ್ಲೆಂಡಿನ ಪಾಪಟೋಯಿಟೋಯಿಯಲ್ಲಿದ್ದೆವು. ಅಲ್ಲಿ ಪರದೇಶದಲ್ಲಿದ್ದೇವೆ ಅನ್ನಿಸುತ್ತಲೇ ಇರಲಿಲ್ಲ. ಕರಿಬೇವು ಬೇಕೆಂದರೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ತರಬಹುದಿತ್ತು. ಬೇಡವೆಂದರೂ ಯಾರಾದರೊಬ್ಬ ಆಂಟಿ ಬಾಗಿಲು ತಟ್ಟಿ, ನಾವು ಮನೆ ಯಾವಾಗ ಕೊಳ್ಳುತ್ತೇವೆ, ಎರಡನೆಯ ಮಗು ಯಾವಾಗ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಆಗ ನನಗೆ ಅದು ಕಾಟ ಅನ್ನಿಸುತ್ತಿತ್ತು. ನನ್ನ ಹೆಂಡತಿ ಸುವರ್ಣಾ ನರ್ಸು. ಅವಳಿಗೆ ವೈಕಾಟೊ ಸೀಮೆಯ ಹಳ್ಳಿಯೊಂದರ ವೃದ್ಧಾಶ್ರಮದಲ್ಲಿ ಒಳ್ಳೆಯ ಹುದ್ದೆ ಸಿಕ್ಕಿತು. ನಾನು, "ನಡಿ, ಹಳ್ಳಿಯಲ್ಲಿ ನೆಮ್ಮದಿಯಾಗಿ ಇರೋಣ" ಎಂದು ದೊಡ್ಡ ತಿಳಿದವನ ಹಾಗೆ ಹೇಳಿದೆ. ನೆಮ್ಮದಿ ಎಷ್ಟು ಬೇಕಾದರೂ ಸಿಕ್ಕಿತು. ಎತ್ತ ನೋಡಿದರೂ ಹುಲ್ಲು, ಹುಲ್ಲಿನ ಮೇಲೆ ಹಸು, ಹಸುವಿನ ಮೇಲೆ ಆಕಾಶ. ಒಂದು ಪೆಟ್ರೋಲ್ ಪಂಪು, ಒಂದು ರಗ್ಬಿ ಮೈದಾನ, ಹಾಲು ಬ್ರೆಡ್ಡು ಮಾರುವ ಒಂದು ಸಣ್ಣ ಅಂಗಡಿ. ಸುವರ್ಣಾ ಡ್ಯೂಟಿಗೆ, ಮಗಳು ಅನುಷಾ ಶಾಲೆಗೆ ಹೋದ ಮೇಲೆ ನಾನು ಮನೆಯಲ್ಲಿ ಒಬ್ಬನೇ. ಆಕ್ಲೆಂಡಿನ ಪೆನ್‌ರೋಸಿನ ಗೋದಾಮೊಂದರ ಲಾರಿಗಳು ಈಗ ಎಲ್ಲಿವೆ ಎಂದು ಕಂಪ್ಯೂಟರಿನಲ್ಲಿ ನೋಡುತ್ತ ಕೂಡುವುದು ನನ್ನ ಉದ್ಯೋಗ. ದೇಶದ ಎಲ್ಲ ಲಾರಿಗಳೂ ಎಲ್ಲೆಲ್ಲಿಗೋ ಹೋಗುತ್ತಿದ್ದವು, ನಾನೊಬ್ಬ ಕೂತಲ್ಲೇ ಕೂತಿರುತ್ತಿದ್ದೆ.

ಇಂಥ ಹೊತ್ತಿನಲ್ಲಿ ಗ್ರೇಮ್ ಬಂದ. ರಸ್ತೆಯ ತಿರುವಿನಾಚೆ ಇರುವ ನಮ್ಮ ಏಕೈಕ ನೆರೆಯವನು ಅವನು. ವಯಸ್ಸಾಗಿ ಹಸು ಸಾಕುವುದನ್ನು ಬಿಟ್ಟವನು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು. ಹಿಂದೆ ಸಾಮಾನು ಹೇರಲು ತೆರೆದ ಜಾಗವಿರುವ ಗಾಡಿಗೆ ಇಲ್ಲಿ ಯೂಟ್ ಎನ್ನುತ್ತಾರೆ. ಒಂದು ದಿನ ಅವನ ಯೂಟು ನಮ್ಮ ಗೇಟಿನಲ್ಲಿ ನಿಂತು ಎರಡು ಸಲ ಹಾರ್ನ್ ಹೊಡೆಯಿತು. ನಾನು ಹೊರಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಡಬ್ಬಿ ಇತ್ತು, ಅವನು ಗಾಡಿ ತಿರುಗಿಸುತ್ತಿದ್ದ. ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿದ. ಈ ಸೀಮೆಯಲ್ಲಿ ಒಂದು ಬೆರಳು ಎತ್ತಿದರೆ ನಮ್ಮಲ್ಲಿ ಹಾರ ಹಾಕಿ ಸ್ವಾಗತಿಸಿದ ಹಾಗೆ ಎಂದು ನನಗೆ ಆಮೇಲೆ ತಿಳಿಯಿತು. ಡಬ್ಬಿಯ ತುಂಬ ಫೀಜೋವಾ ಹಣ್ಣು ಇದ್ದವು. ಕೋಳಿಮೊಟ್ಟೆಯ ಗಾತ್ರದ ಹಸಿರು ಹಣ್ಣು, ನಮ್ಮ ಪೇರಲ ಹಣ್ಣಿನ ದೂರದ ಸಂಬಂಧಿ. ಅರ್ಧ ಕತ್ತರಿಸಿ ಚಮಚದಿಂದ ಕೆರೆದು ತಿನ್ನಬೇಕು. ಸ್ನಾನದ ಸಾಬೂನಿಗೂ ಹಣ್ಣಿಗೂ ಹುಟ್ಟಿದ ಮಗುವಿನಂಥ ಪರಿಮಳ. ಇಲ್ಲಿ ಮರ ಇರುವವರ ಮನೆಯಲ್ಲಿ ಇವು ಚಳಿಗಾಲಕ್ಕೆ ಮುಂಚೆ ರಾಶಿರಾಶಿಯಾಗಿ ಉದುರುತ್ತವೆ, ಬಿದ್ದ ಕೆಲವೇ ದಿನಗಳಲ್ಲಿ ಕೆಡುತ್ತವೆ. ಹಾಗಾಗಿ ಮರ ಇರುವವರು ಮರ ಇಲ್ಲದವರನ್ನು ಹುಡುಕಿಕೊಂಡು ಹೊರಡುತ್ತಾರೆ.

ಇಲ್ಲಿಯವರೆಗೆ ತಪ್ಪು ಯಾರದೂ ಅಲ್ಲ. ಹಣ್ಣು ತಿಂದು ಡಬ್ಬಿ ತೊಳೆದಿಟ್ಟೆವು. ಆ ಭಾನುವಾರ ರಾಣೆಬೆನ್ನೂರಿನಿಂದ ವೀಡಿಯೋದಲ್ಲಿ ಮಾತಾಡುತ್ತಿದ್ದ ನನ್ನ ಅವ್ವನ ಕಣ್ಣಿಗೆ ಅಡಿಗೆಮನೆಯ ಕಟ್ಟೆಯ ಮೇಲಿದ್ದ ಆ ಡಬ್ಬಿ ಬಿತ್ತು.

"ಅದು ಯಾರ ಡಬ್ಬೀನ ಸುವರ್ಣಾ? ಮಂದೀ ಡಬ್ಬಿ ಖಾಲಿ ಕೊಡಬ್ಯಾಡ್ರಿ ಮತ್ತ. ಏನರೆ ಒಂದೀಟು ಹಾಕಿ ಕೊಡ್ರಿ."

"ಗೊತ್ತೈತ್ರಿ ಅತ್ತಿ, ಚಕ್ಕುಲಿ ಮಾಡಾಕ ಹಿಟ್ಟು ಕಲಸೇನಿ" ಎಂದಳು ಸುವರ್ಣಾ.

ಚಕ್ಕುಲಿ ತುಂಬಿದ ಡಬ್ಬಿಯನ್ನು ನಾನೇ ಒಯ್ದು ಕೊಟ್ಟೆ. ಗ್ರೇಮ್‌ನ ಬಾಯಿಯಲ್ಲಿದ್ದದ್ದು ಕಟ್ಟಿಸಿದ ಹಲ್ಲು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಮಾತನ್ನು ನಾನು ಅವನಿಗೆ ಹೇಗೆ ವಿವರಿಸಲಿ? ಅವನು ಒಂದು ಚಕ್ಕುಲಿಯನ್ನು ಚಹಾದಲ್ಲಿ ಅದ್ದಿ, ಮೆತ್ತಗಾಗುವ ತನಕ ಕಾದು ತಿಂದ. ಕಣ್ಣು ಅರಳಿದವು. ಎರಡೇ ದಿನಕ್ಕೆ ಹಾರ್ನ್ ಕೇಳಿಸಿತು. ಡಬ್ಬಿ ಮತ್ತೆ ತುಂಬಿ ಬಂದಿತ್ತು.

ಅಲ್ಲಿಂದ ಒಂದು ವರ್ಷ ನಮ್ಮ ಮನೆಯಲ್ಲಿ ನಡೆದದ್ದು ಸಂಸಾರವಲ್ಲ, ಯುದ್ಧ. ಹಣ್ಣು ಬಂದರೆ ಕೋಡುಬಳೆ ಹೋಗುತ್ತಿತ್ತು. ಕೋಡುಬಳೆಗೆ ನಿಂಬೆಹಣ್ಣು ಬಂದರೆ ನಿಂಬೆಗೆ ಕರ್ಜಿಕಾಯಿ ಹೋಗುತ್ತಿತ್ತು. ಬೇಸಿಗೆಯಲ್ಲಿ ನನ್ನ ತೋಳಿನಷ್ಟು ದಪ್ಪನೆಯ ಸೌತೆಕಾಯಿಯಂಥ ಏನೋ ಬಂತು. ಅದರ ಪಲ್ಯ, ಭಜಿ, ದೋಸೆ, ಕೊನೆಗೆ ಹಲ್ವ ಕೂಡ ಮಾಡಿ ಮುಗಿಸಿದೆವು. ಒಮ್ಮೆ ಡಬ್ಬಿಯಲ್ಲಿ ಕುರಿಯ ತೊಡೆಯ ತುಂಡು ಬಂತು. ನಾವು ಮಾಂಸ ತಿನ್ನುವವರಲ್ಲ ಎಂದು ನಾನು ಕೈ ಮುಗಿಯುವ ಧಾಟಿಯಲ್ಲಿ ಹೇಳಿದೆ. ಗ್ರೇಮ್ ಹೌಹಾರಿದ. ಜೀವಮಾನದಲ್ಲಿ ಮಾಂಸ ಮುಟ್ಟದ ಇಡೀ ಕುಟುಂಬವೊಂದನ್ನು ಅವನು ನೋಡಿದ್ದು ಅದೇ ಮೊದಲಂತೆ. ಪಾಪ, ಇವರು ಏನು ತಿಂದು ಬದುಕುತ್ತಾರೋ ಎಂದು ಮರುಕಗೊಂಡು ಅವತ್ತಿನಿಂದ ಡಬ್ಬಿಯ ಜೊತೆಗೆ ಒಂದು ಬಕೆಟ್ಟನ್ನೂ ಸೇರಿಸಿದ. ಎರಡನೆಯ ಫೀಜೋವಾ ಕಾಲ ಬರುವ ಹೊತ್ತಿಗೆ ನಮ್ಮ ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿರಲಿಲ್ಲ. ಬಚ್ಚಲಲ್ಲೂ ಹಣ್ಣಿನ ಬುಟ್ಟಿ ಇತ್ತು. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದ ಸುವರ್ಣಾ ಬಟ್ಟೆ ಬದಲಿಸುವ ಮುಂಚೆ ಎಣ್ಣೆ ಕಾಯಲು ಇಡುತ್ತಿದ್ದಳು. ಅನುಷಾ ಒಂದು ದಿನ ಚಮಚ ಕೆಳಗಿಟ್ಟು, "ಅಪ್ಪಾ, ಜಸ್ಟ್ ಟೆಲ್ ಹಿಮ್ ವಿ ಹ್ಯಾವ್ ಇನಫ್" ಎಂದಳು. ಈ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಎಲ್ಲವೂ ಸಲೀಸು. ಕೊಟ್ಟವರಿಗೆ ಸಾಕು ಎನ್ನುವ ಮಾತು ನಮ್ಮ ನಾಲಿಗೆಯಲ್ಲಿ ಹೊರಳುವುದೇ ಇಲ್ಲ.

ಆಗ ನನಗೆ ಸಕ್ಕರೆ ನೆನಪಾಯಿತು. ರಾಣೆಬೆನ್ನೂರಿನಲ್ಲಿ ಪಕ್ಕದ ಮನೆಯ ಪಾರವ್ವಕ್ಕ ಹೋಳಿಗೆ ಕೊಟ್ಟರೆ ಅವ್ವ ಅದೇ ಬಟ್ಟಲಲ್ಲಿ ಉಂಡಿ ಹಾಕಿ ಕೊಡುತ್ತಿದ್ದಳು. ಮನೆಯಲ್ಲಿ ಏನೂ ಇಲ್ಲದ ದಿನ ಬಟ್ಟಲಿಗೆ ಒಂದು ಚಮಚ ಸಕ್ಕರೆ ಹಾಕುತ್ತಿದ್ದಳು. ಸಕ್ಕರೆ ಬಂತೆಂದರೆ ಈ ಸುತ್ತು ಇಲ್ಲಿಗೆ ಮುಗಿಯಿತು, ಪ್ರೀತಿ ಹಾಗೇ ಇದೆ ಎಂದು ಪಾರವ್ವಕ್ಕನಿಗೂ ತಿಳಿಯುತ್ತಿತ್ತು. ಎಂಥ ನಾಜೂಕಿನ ಏರ್ಪಾಡು ನೋಡಿ. ನಾನು ಹೆಂಡತಿಗೂ ಹೇಳದೆ ಡಬ್ಬಿಗೆ ಒಂದು ಚಮಚ ಸಕ್ಕರೆ ಹಾಕಿ, ಮುಚ್ಚಳ ಬಿಗಿದು, ಗ್ರೇಮ್‌ನ ಬಾಗಿಲಲ್ಲಿ ಇಟ್ಟು ಬಂದೆ. ಸಂಜೆಯ ಒಳಗೆ ಹಾರ್ನ್ ಕೇಳಿಸಿತು. ಈ ಸಲ ಅವನು ಗಾಡಿಯಿಂದ ಇಳಿದೇ ಬಂದ. ಡಬ್ಬಿಯ ತಳದಲ್ಲಿ ಸಕ್ಕರೆ ನೋಡಿ, ನಮ್ಮ ಮನೆಯಲ್ಲಿ ಸಕ್ಕರೆ ತೀರಿದೆ, ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ ಹೀಗೆ ಗುರುತು ಕಳಿಸಿದ್ದಾರೆ ಎಂದುಕೊಂಡಿದ್ದನಂತೆ. ಸಕ್ಕರೆಯ ದೊಡ್ಡ ಚೀಲವನ್ನು ಕಟ್ಟೆಯ ಮೇಲೆ ಇಟ್ಟ. ಪಕ್ಕದಲ್ಲಿ ಹಣ್ಣಿನ ಬಕೆಟ್ಟನ್ನೂ ಇಟ್ಟ. "ಇನ್ನು ಮುಂದೆ ಏನು ಬೇಕಾದರೂ ಸುಮ್ಮನೆ ಕೇಳು ಮೇಟ್" ಎಂದು ನನ್ನ ಭುಜ ತಟ್ಟಿದ.

ಮಾರನೆಯ ದಿನ ಆ ಕೆಲಸ ಮಾಡಿದೆ. ಡಬ್ಬಿಯನ್ನು ಸಾಬೂನು ಹಾಕಿ ತೊಳೆದೆ, ಬಟ್ಟೆಯಿಂದ ಒರೆಸಿದೆ, ಒಂದು ಕಾಳು ಕೂಡ ಇಲ್ಲದ ಹಾಗೆ ಖಾಲಿ ಮಾಡಿ ಅವನ ಅಂಚೆಪೆಟ್ಟಿಗೆಯ ಮೇಲೆ ಇಟ್ಟು ಬಂದೆ. ಸುವರ್ಣಾ ಕೇಳಿದಾಗ ಶೇಂಗಾ ಉಂಡಿ ಹಾಕಿ ಕೊಟ್ಟೆ ಎಂದೆ. ಉಂಡಿಗಳನ್ನು ನಾನೇ ತಿಂದಿದ್ದೆ.

ಹಾರ್ನ್ ನಿಂತಿತು. ಮೊದಲ ವಾರ ನನಗಾದ ಸುಖ ಹೇಳತೀರದು. ಫ್ರಿಜ್ಜಿನಲ್ಲಿ ಹಾಲು, ಬಚ್ಚಲಲ್ಲಿ ಕಾಲಿಡಲು ಜಾಗ. ಎರಡನೆಯ ವಾರ ಲಾರಿಗಳನ್ನು ನೋಡುತ್ತ ಕೂತವನು ಗೇಟಿನ ಕಡೆಗೆ ಕಿವಿ ಕೊಟ್ಟಿರುವುದನ್ನು ನಾನೇ ಗಮನಿಸಿದೆ. ಆಮೇಲೆ ಚಳಿಗಾಲ ಬಂತು, ನಿಂಬೆಹಣ್ಣು ಬರಲಿಲ್ಲ. ಬೇಸಿಗೆ ಬಂತು, ತೋಳಿನಷ್ಟು ದಪ್ಪದ ಆ ಕಾಯಿಯೂ ಬರಲಿಲ್ಲ. ಒಂದು ದಿನ ಸಣ್ಣ ಅಂಗಡಿಯ ಮುಂದೆ ಗ್ರೇಮ್ ಎದುರಾದ. ನಾನು ಹಲ್ಲು ಕಿರಿದು ಹೇಗಿದ್ದೀಯ ಎಂದೆ. ಅವನು ಟೋಪಿಯನ್ನು ಸರಿಮಾಡಿಕೊಂಡು, "ನಾನು ನಿಮಗೆ ತೀರ ಹೆಚ್ಚಾಗಿಬಿಟ್ಟೆ ಅಂತ ಗೊತ್ತಾಯಿತು. ಪರವಾಗಿಲ್ಲ ಮೇಟ್, ತಪ್ಪಿಲ್ಲ" ಎಂದು ಹೇಳಿ ಹೊರಟುಹೋದ. ಸಕ್ಕರೆಯ ಮಾತು ಒಂದಕ್ಷರ ತಿಳಿಯದ ಆ ಮನುಷ್ಯನಿಗೆ ಖಾಲಿ ಡಬ್ಬಿಯ ಮಾತು ಮಾತ್ರ ನಮ್ಮ ಅವ್ವನಿಗೆ ತಿಳಿಯುವಷ್ಟೇ ಸ್ಪಷ್ಟವಾಗಿ ತಿಳಿದಿತ್ತು. ಅಲ್ಲೇ ಅವನ ಕೈ ಹಿಡಿದು ಹಾಗಲ್ಲ ಎನ್ನಬಹುದಿತ್ತು. ಆದರೆ ಅದು ಹಾಗೇ ಇತ್ತಲ್ಲ. ನಾನು ಬ್ರೆಡ್ಡು ಕೊಂಡು ಮನೆಗೆ ಬಂದೆ. ಆ ದಿನದಷ್ಟು ಒಂಟಿತನ ನನಗೆ ಈ ದೇಶಕ್ಕೆ ಕಾಲಿಟ್ಟ ದಿನವೂ ಆಗಿರಲಿಲ್ಲ.

ಸುವರ್ಣಾಗೆ ನಾನು, ಗ್ರೇಮ್‌ಗೆ ಮೊಣಕಾಲು ನೋವು, ತೋಟದ ಕಡೆ ಹೋಗುತ್ತಿಲ್ಲ ಎಂದು ಹೇಳಿದ್ದೆ. ಈ ವರ್ಷ ಮತ್ತೆ ಫೀಜೋವಾ ಕಾಲ ಬಂತು. ಒಂದು ಸಂಜೆ ಅವಳು ಖಾಲಿ ಕಟ್ಟೆಯನ್ನು ಒರೆಸುತ್ತ ನಿಂತುಬಿಟ್ಟಳು.

"ಅಲ್ರಿ, ನಮ್ಮನಿಗೆ ಅಂತ ಬರೋನು ಒಬ್ಬ ಮನಷ್ಯಾ ಇದ್ದ. ಬರೇ ಮೊಣಕಾಲು ನೋವಿಗೆ ಅವನೂ ಯಾಕ ಬಿಟ್ಟ? ನನ್ನ ಚಕ್ಕುಲಿಗೆ ಉಪ್ಪು ಹೆಚ್ಚಾಗಿತ್ತೇನ್ರಿ? ನಾನ ಏನರೆ ತಪ್ಪು ಮಾಡಿದ್ನೇನು?"

"ಏ, ಹಂಗೇನಿಲ್ಲ ಮಾರಾಯ್ತಿ."

"ಮತ್ತ ಯಾಕ? ನನಗ ನಿದ್ದಿ ಹತ್ತವಲ್ದು ನೋಡ್ರಿ."

ಇದನ್ನು ಕೇಳಿಯೂ ನಿಜ ಹೇಳದವನು ಎಂಥ ಗಂಡಸು ಎಂದು ನೀವು ಕೇಳಬಹುದು. ನನ್ನಂಥ ಗಂಡಸು. ಮಾರನೆಯ ದಿನ ಪೇಟೆಯ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಒಂದು ಚೀಲ ಫೀಜೋವಾ ಕೊಂಡೆ. ಗಲ್ಲಾದ ಹೆಂಗಸು ಚೀಲವನ್ನು ಎತ್ತಿ ನನ್ನನ್ನು ನೋಡಿದಳು. ಇಷ್ಟು ವರ್ಷದಲ್ಲಿ ಇದನ್ನು ದುಡ್ಡು ಕೊಟ್ಟು ಕೊಳ್ಳುವ ಹಳ್ಳಿಯವರನ್ನು ಅವಳು ನೋಡಿರಲಿಲ್ಲವಂತೆ. "ಒಂದು ಮರ ಇರುವವರ ಪರಿಚಯ ಕೂಡ ಇಲ್ಲವಾ ನಿಮಗೆ?" ಎಂದು ಬಹಳ ಮೃದುವಾಗಿ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಇಲ್ಲ ಎಂದು ತಲೆಯಾಡಿಸಿದೆ. ಮನೆಯಲ್ಲಿ ಬೇರೊಂದು ಐಸ್‌ಕ್ರೀಮ್ ಡಬ್ಬಿ ಹುಡುಕಿ ಹಣ್ಣು ತುಂಬಿ, ಗ್ರೇಮ್ ಕೊಟ್ಟುಹೋದ ಎಂದೆ. ಸುವರ್ಣಾ ಒಂದೊಂದೇ ಹಣ್ಣನ್ನು ತಿರುಗಿಸಿ ನೋಡಿದಳು. "ಪಾಪ, ಮೊಣಕಾಲು ನೋವಿನಾಗೂ ಎಷ್ಟು ಸ್ವಚ್ಛ ತೊಳದು ಕೊಟ್ಟಾನ ನೋಡ್ರಿ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಆಮೇಲೆ ನನಗೆ ಮೊದಲೇ ಹೊಳೆಯಬೇಕಾಗಿದ್ದ ಸಂಗತಿ ನಡೆಯಿತು. ಅವಳು ಎಣ್ಣೆ ಕಾಯಲು ಇಟ್ಟಳು.

ಬಿಸಿ ಚಕ್ಕುಲಿಯ ಡಬ್ಬಿ ಹಿಡಿದು ಗ್ರೇಮ್‌ನ ಗೇಟಿನ ತನಕ ಹೋದೆ. ಕೊಡದ ಹಣ್ಣಿಗೆ ಬಂದ ಚಕ್ಕುಲಿಯನ್ನು ಅವನು ಏನೆಂದು ತಿಳಿದುಕೊಳ್ಳಬೇಕು, ನಾನು ಏನೆಂದು ಹೇಳಬೇಕು? ಒಳಗೆ ಅವನ ಮರದ ಕೆಳಗೆ ಹಣ್ಣು ಹಾಸಿಕೊಂಡು ಬಿದ್ದಿತ್ತು. ಕುರಿಗಳು ಮೇಯುತ್ತಿದ್ದವು. ಗೇಟಿನ ಚಿಲಕ ಮುಟ್ಟಿ, ಹಿಂದಕ್ಕೆ ಬಂದು ಕಾರು ಹತ್ತಿದೆ. ರಗ್ಬಿ ಮೈದಾನದ ಹಿಂದೆ ಕಾರು ನಿಲ್ಲಿಸಿ ಅಷ್ಟೂ ಚಕ್ಕುಲಿಯನ್ನು ಒಬ್ಬನೇ ತಿಂದೆ. ಉಪ್ಪು ಸರಿಯಾಗಿಯೇ ಇತ್ತು.

ಆಮೇಲೆ ಇದೇ ನಡೆದುಕೊಂಡು ಬಂದಿದೆ. ಹಣ್ಣು ಕೊಳ್ಳುವವನು ನಾನು, ತಂದುಕೊಡುವ ಗ್ರೇಮ್ ನಾನು, ಚಕ್ಕುಲಿ ಒಯ್ಯುವವನು ನಾನು, ತಿನ್ನುವ ಗ್ರೇಮೂ ನಾನು. ಸುವರ್ಣಾ ಈಗ ಚೆನ್ನಾಗಿ ನಿದ್ದೆ ಮಾಡುತ್ತಾಳೆ. ನನ್ನ ಪ್ಯಾಂಟುಗಳು ಸೊಂಟಕ್ಕೆ ಹತ್ತುತ್ತಿಲ್ಲ. ಇವತ್ತು ಮೈದಾನದ ಹಿಂದೆ ಕೂತು ತಿನ್ನುತ್ತಿದ್ದಾಗ ಯೂಟಿನ ಸದ್ದಾಯಿತು. ಗ್ರೇಮ್ ಬರುತ್ತಿದ್ದ. ಗಾಡಿ ನಿಧಾನವಾಯಿತು. ಅವನು ನನ್ನನ್ನು ನೋಡಿದ, ನನ್ನ ಕೈಯಲ್ಲಿದ್ದ ಚಕ್ಕುಲಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ. ಹಿಂದೆ ಹಣ್ಣಿನ ಬಕೆಟ್ಟು ಇತ್ತು. ಯಾರ ಮನೆಗೋ ಹೊರಟಿದ್ದ. ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿದ. ನನ್ನ ಬಾಯಿ ತುಂಬಿತ್ತು, ಕೈಯೂ ತುಂಬಿತ್ತು. ಏನೂ ತೋಚದೆ ಅರ್ಧ ಕಚ್ಚಿದ ಚಕ್ಕುಲಿಯನ್ನೇ ಎತ್ತಿ ತೋರಿಸಿದೆ. ಯೂಟು ಒಂದು ಕ್ಷಣ ನಿಂತ ಹಾಗೆ ಮಾಡಿ, ಮುಂದೆ ಹೋಗಿ, ತಿರುವಿನಲ್ಲಿ ಮರೆಯಾಯಿತು.

ಉಳಿದದ್ದನ್ನು ತಿಂದು ಮುಗಿಸಿ, ಶರ್ಟಿನ ಮೇಲಿನ ಪುಡಿ ಕೊಡವಿಕೊಂಡು ಮನೆಯ ಕಡೆ ಕಾರು ತಿರುಗಿಸಿದೆ. ಪಕ್ಕದ ಸೀಟಿನಲ್ಲಿ ಡಬ್ಬಿ ಖಾಲಿಯಾಗಿ ಕೂತಿತ್ತು. ಖಾಲಿ ಡಬ್ಬಿ ವಾಪಸ್ಸು ಒಯ್ಯುವುದು ನಮ್ಮ ಮನೆತನದ ಪದ್ಧತಿಯಲ್ಲ. ಮತ್ತೆ ಸೂಪರ್‌ಮಾರ್ಕೆಟ್ಟಿನ ದಾರಿ ಹಿಡಿದೆ.